ಕರುವಿನ ಪಾಲು

ಬೀದರ್ ಸೀಮೆಯ ಊಟದ ತಾಟಿನಿಂದ ಹಾಲು, ಮೊಸರು, ತುಪ್ಪ ತೆಗೆದಿಟ್ಟರೆ ಮತ್ತೇನು ಉಣ್ಣುತ್ತೀ ಎಂದು ನನ್ನನ್ನು ಕೇಳದವರು ಕಡಿಮೆ. ಊಟವೆಲ್ಲ ತಾಟಿನಲ್ಲೇ ಇರುತ್ತದೆ ಎಂಬುದು ನನ್ನ ಉತ್ತರ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿಬೇಳೆ, ಝುಣಕ, ಎಣಗಾಯಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳಿನ ಪುಡಿ, ಕಡಿದು ತಿನ್ನಲು ಹಸಿ ಉಳ್ಳಾಗಡ್ಡಿ. ಮುಂಗಾರಿಗೆ ಹೆಸರು, ಉದ್ದು, ತೊಗರಿ, ಸೋಯಾ; ಹಿಂಗಾರಿಗೆ ಜೋಳ, ಕಡಲೆ, ಕುಸುಬಿ. ಎರೆಮಣ್ಣು ನಮಗೆ ಕೊಡುವುದೇ ಇದನ್ನು, ಹೊಲಕ್ಕೆ ಹೋಗುವವರು ಬುತ್ತಿಯಲ್ಲಿ ಕಟ್ಟಿಕೊಳ್ಳುವುದೂ ಇದನ್ನೇ. ತುಪ್ಪ ಹಾಕಿಕೊಂಡು ಉಂಡವರು ಊರಿಗೆ ನಾಲ್ಕು ಮನೆ. ಹಾಲು ಮಾರಿ ಉಪ್ಪು, ಎಣ್ಣೆ ತರುತ್ತಿದ್ದ ಮನೆಗಳಲ್ಲಿ ಹಾಲು ಕುಡಿದವರು ಯಾರು? ನಮ್ಮ ಕಡೆಯ ಬಡವರ ದಿನದ ಅಡುಗೆ ಬಹುಪಾಲು ಹಾಲಿಲ್ಲದ್ದೇ ಆಗಿತ್ತು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೇ.

ಹೀಗಾಗಿ ಹಾಲು ಬಿಡುವಾಗ ನನ್ನ ನಾಲಿಗೆಗೆ ಹೆಚ್ಚು ತ್ರಾಸಾಗಲಿಲ್ಲ. ತ್ರಾಸಾದದ್ದು ಸಂಬಂಧಗಳಲ್ಲಿ.

ನನ್ನ ತವರು ಔರಾದ್ ತಾಲ್ಲೂಕಿನ ಗಡಿಯ ಹಳ್ಳಿ. ಆಚೆ ಮರಾಠಿ, ಈಚೆ ಕನ್ನಡ, ನಡುವೆ ಅದೇ ಕರಿ ಹೊಲ. ಕೊಟ್ಟ ಮನೆ ಭಾಲ್ಕಿ. ನೌಕರಿ ಬೀದರ್ ಸಮೀಪದ ಸರ್ಕಾರಿ ಶಾಲೆಯಲ್ಲಿ, ವಾಸವೂ ಬೀದರಿನಲ್ಲೇ. ಎರಡೂ ಮನೆ ಲಿಂಗಾಯತರವು. ಮಾಂಸ, ಮೊಟ್ಟೆ ಹೊಸ್ತಿಲು ದಾಟಿ ಬಂದದ್ದಿಲ್ಲ. ನಾವು ಯಾವ ಜೀವಕ್ಕೂ ನೋವು ಕೊಡದವರು ಎಂಬ ನಂಬಿಕೆ ನನಗೆ ಹಾಲಿನ ಜೊತೆಗೇ ಬಂದದ್ದು.

ತವರಿನಲ್ಲಿ ಎಮ್ಮೆ ಈದ ದಿನ ಹಬ್ಬ. ಮೊದಲ ಹಾಲು ಹಳದಿಗೆ ತಿರುಗಿ ದಪ್ಪಗಿರುತ್ತದೆ, ಬೆರಳಿಗೆ ಅಂಟುತ್ತದೆ. ಅವ್ವ ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟು ಗಿಣ್ಣ ಮಾಡುತ್ತಿದ್ದಳು. ಗಟ್ಟಿಯಾಗಿ ನಿಂತ ಗಿಣ್ಣವನ್ನು ಕೊಯ್ದು ಬಟ್ಟಲಿಗೆ ಹಾಕಿ ಓಣಿಯ ಮನೆಮನೆಗೂ ಕಳಿಸುವಳು. ಒಯ್ದು ಕೊಡುತ್ತಿದ್ದವಳು ನಾನು. ಬಟ್ಟಲು ಖಾಲಿ ಮರಳಿಸಬಾರದೆಂದು ಅವರು ಒಂದು ಹಿಡಿ ಜೋಳವನ್ನೋ ಬೆಲ್ಲದ ತುಣುಕನ್ನೋ ಹಾಕಿ ಕೊಡುತ್ತಿದ್ದರು. ಆ ಕೊಡು-ಕೊಳ್ಳುವಿಕೆ ಇವತ್ತಿಗೂ ನನಗೆ ಪ್ರೀತಿಯದು.

ತಂಗಿಯ ಮಗ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ನಮ್ಮ ಮನೆಯಲ್ಲೇ ಇದ್ದ. ಊರಿಂದ ಗಿಣ್ಣ ಬಂದ ಒಂದು ಸಂಜೆ, ತಿನ್ನುತ್ತಲೇ ಅವನು ಪಾಠದ ಮಾತು ಹೇಳಿದ. ಮನುಷ್ಯರ ಕೂಸಿಗೆ ರೋಗ ತಡೆಯುವ ಶಕ್ತಿಯ ದೊಡ್ಡ ಪಾಲು ಬಸಿರಿನಲ್ಲಿದ್ದಾಗಲೇ ತಾಯಿಯ ರಕ್ತದಿಂದ ಬಂದುಬಿಟ್ಟಿರುತ್ತದೆ. ಆಕಳು, ಎಮ್ಮೆಗಳಲ್ಲಿ ಹಾಗಿಲ್ಲ. ಅವುಗಳ ಮಾಸು ಆ ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಕರು ಏನೂ ಇಲ್ಲದೆ ಹುಟ್ಟುತ್ತದೆ. ಹುಟ್ಟಿದ ಕೆಲವೇ ತಾಸಿನೊಳಗೆ ಕುಡಿದ ಗಿಣ್ಣದ ಹಾಲೇ ಅದರ ರಕ್ಷಣೆ. ಒಂದು ದಿನ ಕಳೆಯುವುದರೊಳಗೆ ಅದರ ಕರುಳು ಆ ಪ್ರತಿಕಾಯಗಳನ್ನು ಹಾಗೆಯೇ ಹೀರಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತದೆ. "ದೊಡ್ಡವ್ವಾ, ಕರಾ ಹೊಟ್ಟಿ ತುಂಬ ಕುಡದ ಮ್ಯಾಲ ಉಳದ್ರ ಅಷ್ಟೇ ಹಿಂಡಬೇಕಂತ ನಮಗ ಕಲಸ್ತಾರ" ಎಂದ.

ನಮ್ಮ ಕೊಟ್ಟಿಗೆಯಲ್ಲಿ ಹಾಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಓಣಿಗೆಲ್ಲ ಸಾಕಾಗುವಷ್ಟು ಗಿಣ್ಣ ಆಗಬೇಕೆಂದರೆ ಕರುವನ್ನು ಬೇಗ ಎಳೆದು ಕಟ್ಟಬೇಕು. ನಾನು ಮೊದಲು ಬಿಟ್ಟದ್ದು ಗಿಣ್ಣವನ್ನು. ಅದರ ಹಿಂದೆಯೇ ಮುಂದಿನ ಪ್ರಶ್ನೆ ಬಂತು: ಮೊದಲ ದಿನದ ಹಾಲು ಕರುವಿನದಾದರೆ ಎರಡನೆಯ ದಿನದ್ದು ಯಾರದು?

ಎಮ್ಮೆ ಗಂಡು ಕರು ಹಾಕಿದರೆ ಮನೆಯವರ ಮುಖ ಇಳಿಯುತ್ತಿತ್ತು. ಆಕಳ ಹೋರಿಗರುವಿಗಾದರೆ ಒಂದು ಕಾಲದಲ್ಲಿ ನೊಗ ಕಾದಿರುತ್ತಿತ್ತು. ನಮ್ಮ ಸೀಮೆಯದು ದೇವಣಿ ತಳಿ. ಬಿಳಿ ಮೈಗೆ ಕಪ್ಪು ಮೋರೆಯದಿದ್ದರೆ ವಾನೇರಾ, ಮೈತುಂಬ ಕರಿ ಮಚ್ಚೆಯದಿದ್ದರೆ ಶೇವರಾ ಎನ್ನುತ್ತಾರೆ. ಹಾಲಿಗೂ ಆದೀತು, ದುಡಿಮೆಗೂ ಆದೀತು. ದೇವಣಿ ಎಂಬ ಊರು ಉದಗೀರ್ ಕಡೆಯದು. 1956ರಲ್ಲಿ ಉದಗೀರ್ ಮರಾಠಿ ಕಡೆಗೆ ಹೋಗಿ ಬೀದರ್, ಭಾಲ್ಕಿ, ಔರಾದ್ ಕನ್ನಡದ ಕಡೆಗೆ ಬರುವ ತನಕ ಎಲ್ಲವೂ ಹೈದರಾಬಾದ್ ಸಂಸ್ಥಾನದ ಕಾಲದಿಂದ ಒಂದೇ ಬೀದರ್ ಜಿಲ್ಲೆ. ಕಾರ ಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಸಿಕೊಂಡು ಅಗಸಿಯ ಮುಂದೆ ಮೆರೆಯುತ್ತಿದ್ದ ಎತ್ತುಗಳೆಲ್ಲ ಒಂದು ಕಾಲದ ಹೋರಿಗರುಗಳೇ. ಆಮೇಲೆ ಟ್ರ್ಯಾಕ್ಟರ್ ಬಂತು. ಬಾಡಿಗೆ ಕೊಟ್ಟರೆ ತಾಸೆರಡು ತಾಸಿನಲ್ಲಿ ಹೊಲ ಹರಗಿ ಹೋಗುತ್ತದೆ. ವರ್ಷವಿಡೀ ಜೋಡೆತ್ತಿಗೆ ಮೇವು ಹಾಕುವವರು ಕಡಿಮೆಯಾದರು. ಜರ್ಸಿ ಹೋರಿಗೆ ಇಲ್ಲಿ ಮೊದಲಿನಿಂದಲೂ ಬೆಲೆಯಿಲ್ಲ. ಕೋಣ ಹೂಡಿದ್ದನ್ನು ನಮ್ಮ ಊರಲ್ಲಿ ನಾನು ಕಂಡೇ ಇಲ್ಲ.

ಅಜ್ಜನ ಕಾಲದ ಹಾಲು ಬೇರೆ, ಇವತ್ತಿನ ಹಾಲು ಬೇರೆ ಎಂದು ನಾನು ಹೇಳುವುದು ಇದಕ್ಕೇ. ಅಂದು ಒಂದು ಆಕಳ ಹಾಲಿನ ಹಿಂದೆ ಅದರ ಕರುವಿಗೂ ಮನೆಯಲ್ಲಿ ಒಂದು ಗೂಟ ಇತ್ತು. ಇಂದು ಗಂಡು ಕರು ಕುಡಿಯುವ ಒಂದೊಂದು ಸೇರು ಹಾಲೂ ಡೈರಿಗೆ ಹಾಕದೆ ಕಳೆದುಕೊಂಡ ರೊಕ್ಕದ ಲೆಕ್ಕ. ಅರೆಹೊಟ್ಟೆಯಲ್ಲಿ ಕಟ್ಟಿದರೆ ಒಂದು ತಿಂಗಳಿಗೆ ಬೇನೆ ಹಿಡಿದು ಹೋಗುತ್ತದೆ. ಅದನ್ನು ಕೊಂದದ್ದೆಂದು ಯಾರೂ ಅನ್ನುವುದಿಲ್ಲ, ಕೊಲ್ಲಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸತ್ತ ಕರುವಿನ ತೊಗಲಿಗೆ ಜೋಳದ ರವದಿ ತುಂಬಿ, ಹೊಲಿದು, ಎಮ್ಮೆಯ ಮುಂದೆ ನಿಲ್ಲಿಸಿ ಹಾಲು ಹಿಂಡಿದ್ದನ್ನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಕಾಲುಗಳೆಂದು ನಾಲ್ಕು ಕಟ್ಟಿಗೆ, ಕಣ್ಣಿನ ಜಾಗದಲ್ಲಿ ಹೊಲಿಗೆ. ಎಮ್ಮೆ ಅದರ ಬೆನ್ನನ್ನು ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ಕೂದಲು ಉದುರಿದ ಕಡೆ ತೊಗಲು ಬೆಳ್ಳಗಾಗಿತ್ತು.

ಜಗತ್ತಿನಲ್ಲಿ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ ನಮ್ಮದು. ಎಮ್ಮೆ ಮಾಂಸವನ್ನು ಹೊರದೇಶಗಳಿಗೆ ಕಳಿಸುವುದರಲ್ಲೂ ಮುಂಚೂಣಿಯಲ್ಲಿರುವ ದೇಶ ನಮ್ಮದು. ಎರಡೂ ಒಂದೇ ಕೊಟ್ಟಿಗೆಯಿಂದ ಹೊರಡುತ್ತವೆ. ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು ಕೂಡ ಆಕಳಿಗೊಂದು ನ್ಯಾಯ, ಎಮ್ಮೆಗೊಂದು ನ್ಯಾಯ ಹೇಳುತ್ತದೆ: 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಅದರಲ್ಲಿ ರಕ್ಷಣೆಯಿಲ್ಲ. ನಮ್ಮ ಮನೆಗೆ ಹಾಲು ಕೊಟ್ಟದ್ದು ಬಹುಪಾಲು ಎಮ್ಮೆಯೇ. ಆದರೂ ಪೂಜೆಯಲ್ಲಿ ಅದಕ್ಕೆ ಪಾಲಿಲ್ಲ.

ಹಾಲಿಗೂ ಮಾಂಸಕ್ಕೂ ಇರುವ ಈ ಸಂಬಂಧವನ್ನು ನನಗೆ ಬಾಯಿಬಿಟ್ಟು ಹೇಳಿದವರು ಬೀದರ್ ಹಳೆ ಊರಿನಲ್ಲಿ, ಚೌಬಾರಾದ ಹಿಂದಿನ ಗಲ್ಲಿಯಲ್ಲಿರುವ ನನ್ನ ಹಿರಿಯ ಸಹೋದ್ಯೋಗಿ. ಆಪಾ ಎಂದೇ ನಾನು ಕರೆಯುವುದು. ದನ ಸಾಗಿಸುವ ವಾಹನ ತಡೆದ ಸುದ್ದಿ ಪೇಪರಿನಲ್ಲಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಆಪಾ ಸಿಟ್ಟಿಲ್ಲದೆ ಅಂದರು: "ಹಾಲು ಬತ್ತಿದ ಎಮ್ಮಿ ನಿಮ್ಮ ಮನಿಯಿಂದ ಎಲ್ಲಿಗಿ ಹೋಗ್ತದ ಅಂತ ಮಾರೋವಾಗ ಯಾರೂ ಕೇಳಂಗಿಲ್ಲ. ಕೊಂಡವ್ರಿಗಿ ಮಾತ್ರ ಕೇಳ್ತೀರಿ." ಯಾರೂ ಉತ್ತರ ಕೊಡಲಿಲ್ಲ. ನಾನು ಹಾಲು ಬಿಟ್ಟ ಮೇಲೆ ಮೊದಲು ಅರ್ಥ ಮಾಡಿಕೊಂಡವರೂ ಅವರೇ. ಅವರ ಮನೆಯಲ್ಲಿ ನನಗೆಂದು ಸುಲೇಮಾನಿ ಚಹಾ ಇಳಿಯುತ್ತದೆ. ರಂಜಾನ್ ಹಬ್ಬಕ್ಕೆ ಬದಾಮಿ ರುಬ್ಬಿ ಹಿಂಡಿದ ಹಾಲಿನಲ್ಲಿ ಒಂದು ಸಣ್ಣ ಪಾತ್ರೆ ಶೀರ್‌ಖುರ್ಮಾ ಬೇರೆ ಮಾಡುತ್ತಾರೆ. ಅವರ ಮನೆಯಲ್ಲಿ ಮಾಂಸ ಬೇಯುತ್ತದೆ. ನಾನು ಅದೇ ಅಡುಗೆಮನೆಯಲ್ಲಿ ಕೂತು ಉಣ್ಣುತ್ತೇನೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಏನು ಉಣ್ಣುತ್ತೀರಿ ಎಂದು ಕೇಳುವುದು ಯಾವ ಜಾತಿ ಎಂದು ಕೇಳುವುದರ ಇನ್ನೊಂದು ದಾರಿ. ಬೀದರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಅದು ಗೊತ್ತು. ಮಾಂಸ ಬಿಟ್ಟವರು ಮೇಲೆ, ತಿನ್ನುವವರು ಕೆಳಗೆ ಎಂಬ ಏಣಿ ಮೊದಲೇ ನಿಂತಿದೆ. ಹಾಲನ್ನೂ ಬಿಟ್ಟ ನಾನು ಆ ಏಣಿಗೆ ಇನ್ನೊಂದು ಮೆಟ್ಟಿಲು ಹೊಡೆದು ಅದರ ಮೇಲೆ ಹತ್ತಿ ಕೂತರೆ, ಕರುವಿಗೆ ಏನೂ ಸಿಗುವುದಿಲ್ಲ, ಮನುಷ್ಯರಿಗೆ ಇನ್ನೊಂದು ಅವಮಾನ ಸಿಗುತ್ತದೆ. ಹರಳಯ್ಯನ ಜಿಲ್ಲೆಯಲ್ಲಿ ಹುಟ್ಟಿದವಳು ನಾನು. ಕಲ್ಯಾಣದ ಆ ಸಮಗಾರ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಹೊಲಿದ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಈಗ ತೊಗಲಿನ ಚಪ್ಪಲಿ ಕೊಳ್ಳುವುದಿಲ್ಲ. ಆದರೆ ತೊಗಲಿನ ಕೆಲಸ ಮಾಡುವ ಕೈಗಳಿಗಿಂತ ನನ್ನ ಕೈ ಶುದ್ಧ ಎಂಬ ಮಾತು ನನ್ನಿಂದ ಬರಬಾರದು.

2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ಈ ಭಾಗದ 7 ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾಯಿತು. ತಿನ್ನದವರಿಗೆ ಬಾಳೆಹಣ್ಣು. ಮಕ್ಕಳ ರಕ್ತಹೀನತೆ, ತೂಕದ ಕೊರತೆ ನಮ್ಮ ಭಾಗದಲ್ಲಿ ಹೆಚ್ಚು ಎಂಬುದು ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು. ವಿರೋಧದ ಪತ್ರಕ್ಕೆ ನೀವೂ ಸಹಿ ಹಾಕಿ, ನೀವಂತೂ ಹಾಲನ್ನೂ ಬಿಟ್ಟವರು ಎಂದು ಪರಿಚಯದವರೊಬ್ಬರು ಬಂದರು. ನಾನು ಹಾಕಲಿಲ್ಲ. ನಮ್ಮ ಶಾಲೆಯಲ್ಲಿ ಮೊಟ್ಟೆ ಎಣಿಸಿ ಹಂಚಿದವಳು ನಾನೇ. ತಾಂಡಾದಿಂದ ನಡೆದು ಬರುವ ಹುಡುಗಿ, ಮುಂಜಾನೆ ಬರೀ ಚಹಾ ಕುಡಿದು ಬಂದವಳು, ಸಿಪ್ಪೆ ಸುಲಿದ ಮೊಟ್ಟೆಯ ಮೇಲೆ ಉಪ್ಪು ಉದುರಿಸಿಕೊಂಡು ಸಣ್ಣ ಸಣ್ಣ ತುತ್ತು ಮಾಡಿ ತಿನ್ನುತ್ತಾಳೆ, ಬೇಗ ಮುಗಿಯಬಾರದೆಂದು. ಅವಳ ತಾಟಿನಿಂದ ತೆಗೆಯುವ ಹಕ್ಕು ನನಗಿಲ್ಲ. ಕಪಾಟಿನಲ್ಲಿ ಬೇಳೆ, ಶೇಂಗಾ, ಎಳ್ಳು, ಹಣ್ಣು ತುಂಬಿದ ಮನೆಯ ನಾನು ಬಿಡಬಲ್ಲೆ, ಬಿಟ್ಟಿದ್ದೇನೆ. ನಾಗರ ಪಂಚಮಿಯ ಹಾಲನ್ನು ಹುತ್ತಕ್ಕೆ ಎರೆಯದೆ ಮಕ್ಕಳಿಗೆ ಕುಡಿಸಿ ಎನ್ನುವ ಬಸವ ಪಂಚಮಿಯೂ ನನಗೆ ಇದೇ ಕಾರಣಕ್ಕೆ ಒಪ್ಪಿಗೆ. ಅವಳಿಗೆ ಮೊಟ್ಟೆಗೆ ಸಮನಾದದ್ದನ್ನು ಕಾಳಿನಲ್ಲೇ, ದಿನಾಲು, ತಪ್ಪದೆ ಕೊಡುವಂತಾದ ದಿನ ನನ್ನ ಮಾತು ಆಡುತ್ತೇನೆ.

ಈ ಬದುಕಿಗೆ ವೀಗನ್ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಜೊತೆಗಾರರು, 1944ರ ನವೆಂಬರಿನಲ್ಲಿ. ಅದರ ದಿನಾಚರಣೆ ನವೆಂಬರ್ 1ಕ್ಕೆ. ಅಂದು ನಾವು ಶಾಲೆಯಲ್ಲಿ ರಾಜ್ಯೋತ್ಸವದ ಬಾವುಟ ಏರಿಸುತ್ತಿರುತ್ತೇವೆ. ನನಗೆ ಆ ಹೆಸರು ತಿಳಿಯುವಷ್ಟರಲ್ಲಿ ಹಾಲು ಬಿಟ್ಟಾಗಿತ್ತು. ಹೆಸರಿನಿಂದ ಒಂದು ಅನುಕೂಲವಾಯಿತು: ವ್ರತ ಹಿಡಿದಿದ್ದಾಳೆ, ಹೊಟ್ಟೆಗೆ ಒಗ್ಗುವುದಿಲ್ಲವಂತೆ ಎಂದು ಮನೆಯವರು ಕಾರಣ ಹುಡುಕುವುದು ತಪ್ಪಿತು. ಬಿ12 ಗುಳಿಗೆ ನುಂಗುತ್ತೇನೆ. ಅದು ಗಿಡದ ಆಹಾರದಲ್ಲಿ ನೆಚ್ಚುವಷ್ಟು ಸಿಗುವುದಿಲ್ಲ. ಹಾಲು ಬಿಡುವವರು ಇದನ್ನು ಹಗುರಾಗಿ ತಗೊಳ್ಳಬಾರದು, ನರಗಳಿಗೇ ಪೆಟ್ಟು.

ಕಷ್ಟವಿದ್ದದ್ದು ಮೊಸರಿಗೆ. ಬಿಸಿಲುಕಾಲದಲ್ಲಿ ರೊಟ್ಟಿಗೆ ಹಿಂಡಿ, ಹಿಂಡಿಗೆ ಮೊಸರು ಎಂಬುದು ರಕ್ತದಲ್ಲೇ ಇದ್ದದ್ದು. ಈಗ ಶೇಂಗಾ ಮೊಸರು ಮಾಡುತ್ತೇನೆ. ಶೇಂಗಾ ರಾತ್ರಿ ನೆನೆಹಾಕಿ, ಮುಂಜಾನೆ ಎರಡೂ ಕೈಯಲ್ಲಿ ತಿಕ್ಕಿ ಸಿಪ್ಪೆ ಬಿಡಿಸಬೇಕು. ನುಣ್ಣಗೆ ರುಬ್ಬಿ, ನೀರು ಬೆರೆಸಿ, ತೆಳು ಬಟ್ಟೆಯಲ್ಲಿ ಹಿಂಡಬೇಕು. ಆ ಹಾಲನ್ನು ಸಣ್ಣ ಉರಿಯಲ್ಲಿ ತಿರುವುತ್ತಲೇ ಕುದಿಸಬೇಕು, ಬಿಟ್ಟರೆ ತಳ ಹಿಡಿಯುತ್ತದೆ. ಬೆರಳು ತಾಳುವಷ್ಟು ಆರಿದ ಮೇಲೆ ಹೆಪ್ಪಿಗೆ ನಾಲ್ಕು ಹಸಿಮೆಣಸಿನಕಾಯಿ, ತೊಟ್ಟು ಮುರಿಯದೆ. ಹುಳಿ ಹಿಡಿಸುವ ಸೂಕ್ಷ್ಮಜೀವಿಗಳು ಆ ತೊಟ್ಟಿನಲ್ಲೇ ಇರುತ್ತವೆ. ರಾತ್ರಿ ಬೆಚ್ಚಗೆ ಮುಚ್ಚಿಟ್ಟರೆ ಮುಂಜಾನೆಗೆ ಹೆಪ್ಪಾಗಿರುತ್ತದೆ. ಶೇಂಗಾದ ವಾಸನೆ ಸ್ವಲ್ಪ ಉಳಿಯುತ್ತದೆ, ಸಾಸಿವೆ ಜೀರಿಗೆಯ ಒಗ್ಗರಣೆ ಬಿದ್ದರೆ ಅದೂ ಹೋಗುತ್ತದೆ. ಹುಗ್ಗಿಗೆ ಹಾಲು ಎಲ್ಲಿಂದ ಎಂಬುದನ್ನು ಕಲಿಸಿದವಳು ಗದಗಿನ ಕಡೆಯಿಂದ ಬಂದ ನನ್ನ ನೆಗೆಣ್ಣಿ. ಅವರ ಕಡೆ ಕುಸುಬಿ ಹಾಲಿನ ಹುಗ್ಗಿ ಅಜ್ಜ-ಮುತ್ತಜ್ಜರ ಕಾಲದ್ದು. ಕುಸುಬಿ ನೆನೆಸಿ, ರುಬ್ಬಿ, ಹಿಂಡಿ ತೆಗೆದ ಹಾಲಿನಲ್ಲಿ ಬೆಂದ ಗೋಧಿ, ಬೆಲ್ಲ, ಒಣಕೊಬ್ಬರಿ, ಗಸಗಸಿ. ಆಕಳ ಹಾಲಿಗಿಂತ ಅದು ಮಿಗಿಲು ಎಂದೇ ನಾನು ಹೇಳುವುದು.

ಎಳ್ಳಮಾಸಿಗೆ ಭಾಲ್ಕಿಗೆ ಹೋಗಲೇಬೇಕು. ಅವತ್ತು ಊರೆಲ್ಲ ಹೊಲದಲ್ಲಿರುತ್ತದೆ. ಹಸಿಕಡಲೆ, ತೊಗರಿಕಾಯಿ, ಅವರೆ, ಮೆಂತ್ಯ, ಹುಣಸೆಹಣ್ಣು ಎಲ್ಲ ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಅಂಬಲಿ. ಭೂಮಿತಾಯಿಗೆ ಎಡೆ ಹಿಡಿದು, ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಊಟ. ಅಂಬಲಿಗೆ ಮಜ್ಜಿಗೆ ಬೇಕು. ನಾನು ನನ್ನದೊಂದು ಚಂಬಿನಲ್ಲಿ ಬೇರೆ ಮಾಡಿಕೊಳ್ಳುತ್ತೇನೆ ಅಂದಾಗ ಅತ್ತೆ ಮುಖ ಸಣ್ಣದು ಮಾಡಿಕೊಂಡರು. ಹೊಲದಲ್ಲಿ ಕೂತು ಒಂದೇ ಗಡಿಗೆಯದನ್ನು ಎಲ್ಲರೂ ಕುಡಿಯುವುದೇ ಹಬ್ಬ. ಸೊಸೆ ಬೇರೆ ಚಂಬು ಹಿಡಿದರೆ ಅವರಿಗೆ ಅದು ಊಟದ ಮಾತಾಗಿ ಕಾಣುವುದಿಲ್ಲ, ಮನೆ ಒಡೆಯುವ ಮಾತಾಗಿ ಕಾಣುತ್ತದೆ. ನನಗೆ ಅವರ ನೋವು ತಿಳಿಯಿತು. ಆ ವರ್ಷ ಅಂಬಲಿ ಕುಡಿಯದೆ ಬಂದೆ.

ಮರುವರ್ಷ ಅವರೇ ಹಬ್ಬಕ್ಕೆ ಎರಡು ದಿನ ಮೊದಲು ಫೋನ್ ಮಾಡಿದರು. "ಎಪ್ಪತ್ತೆರಡರ ಬರದಾಗ ಮಜ್ಜಿಗಿ ಎಲ್ಲಿತ್ತವ್ವಾ? ದನಾ ಎಲ್ಲಾ ಮಾರಿದ್ವು. ಜ್ವಾಳದ ಹಿಟ್ಟು ನೀರಾಗ ಕಲಸಿ ಇಟ್ರ ತಾನೇ ಹುಳಿ ಬರ್ತಿತ್ತು, ಅದೇ ಕಾಸ್ತಿದ್ವು. ಈ ಸಲ ಹಂಗೇ ಮಾಡಾಮಿ, ಎಲ್ಲರಿಗಿ ಒಂದೇ ಗಡಗಿ." ಬರದ ಆ ವರ್ಷ ನಮ್ಮ ಮಾವನವರು ಜೋಡೆತ್ತು ಮಾರಿ ಬಂದು ಎರಡು ದಿನ ಉಣ್ಣದೆ ಮಲಗಿದ್ದರಂತೆ. ಅತ್ತೆ ಅದನ್ನು ಎಷ್ಟೋ ಸಲ ಹೇಳಿದ್ದಾರೆ. ನನ್ನ ಕರುವಿನ ಮಾತು ಅವರಿಗೆ ಹೊಸದೇನಲ್ಲ.

ಪೂಜೆ ಹಾಗೆಯೇ ಇದೆ. ಲಿಂಗಕ್ಕೆ ನೀರು, ಪತ್ರಿ. ವಿಭೂತಿ ಸಗಣಿಯಿಂದಾದದ್ದಲ್ಲವೇ ಎಂದು ಕೇಳಿದವರಿದ್ದಾರೆ. ಹೌದು. ಸಗಣಿ ಸಿಗಲು ಯಾವ ಕರುವೂ ಹಸಿದಿರಬೇಕಾಗಿಲ್ಲ. ವಿಭೂತಿ ಬಿಟ್ಟಿಲ್ಲ. ರೇಷ್ಮೆ ಬಿಟ್ಟಿದ್ದೇನೆ, ಕುದಿಯುವ ನೀರಿನಲ್ಲಿ ಗೂಡು ಮುಳುಗಿಸುವುದನ್ನು ತಿಳಿದ ಮೇಲೆ ಅದು ಮೈಮೇಲೆ ನಿಲ್ಲಲಿಲ್ಲ.

ನನ್ನ ಮಾತು ತಡವರಿಸುವುದು ತವರಿನಲ್ಲಿ, ಅಣ್ಣನ ಮುಂದೆ. ಅವನು ಡೈರಿಗೆ ಹಾಲು ಹಾಕುವವನು. "ಹಾಲಿನ ರೊಕ್ಕ ಹದಿನೈದು ದಿನಕ್ಕೊಮ್ಮಿ ಕೈಗಿ ಬರ್ತದ, ಸೋಯಾದ ರೊಕ್ಕ ವರ್ಷಕ್ಕೊಮ್ಮಿ. ಹುಡುಗ್ರ ಫೀಸು ಯಾವುದ್ರಾಗ ಕಟ್ಟಲಿ, ನೀನೇ ಹೇಳು ತಂಗಿ" ಎನ್ನುತ್ತಾನೆ. ಅವನು ಕೇಳುವುದು ಸರಿ. ರಾಜ್ಯದಲ್ಲೇ ಸೋಯಾ ಹೆಚ್ಚು ಬೆಳೆಯುವ ಜಿಲ್ಲೆ ನಮ್ಮದು. ಮುಂಗಾರಿನಲ್ಲಿ ಭಾಲ್ಕಿಯಿಂದ ಔರಾದ್‌ವರೆಗೆ ಬಸ್ಸಿನ ಎರಡೂ ಕಡೆ ಅದೇ ಹಸಿರು. ನೂರರಲ್ಲಿ ನಲವತ್ತು ಪಾಲಿನಷ್ಟು ಪ್ರೋಟೀನ್ ಇರುವ ಆ ಕಾಳು ಚೀಲದಲ್ಲಿ ಮಂಡಿಗೆ ಹೋಗುತ್ತದೆ, ಮಂಡಿಯಿಂದ ಎಣ್ಣೆ ಗಿರಣಿಗೆ. ಎಣ್ಣೆ ತೆಗೆದ ಹಿಂಡಿ ಕೋಳಿ ಫಾರಮ್ಮುಗಳ ಪಾಲು. ಬೆಳೆದವರ ಅಡುಗೆಮನೆಗೆ ಒಂದು ಹಿಡಿಯೂ ಬರುವುದಿಲ್ಲ. ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುವ ಸರ್ಕಾರ, ಕಾಳನ್ನು ಊರಲ್ಲೇ ಹಾಲು ಮಾಡಿ, ಹಿಟ್ಟು ಮಾಡಿ ಶಾಲೆಗೆ ಕೊಡುವ ಮಹಿಳಾ ಸಂಘಗಳಿಗೆ ಅಷ್ಟೇ ಬೆಂಬಲ ಕೊಟ್ಟರೆ ಅಣ್ಣನ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಗುತ್ತದೆ. ಉಪದೇಶದಿಂದ ಯಾರ ಎಮ್ಮೆಯೂ ಬಿಡುಗಡೆಯಾಗುವುದಿಲ್ಲ. ಸದ್ಯಕ್ಕೆ ನಮ್ಮಿಬ್ಬರ ನಡುವೆ ಆಗಿರುವ ಒಪ್ಪಂದ ಇಷ್ಟು: ಹಾಲು ಬತ್ತಿದ ಮುದಿ ಎಮ್ಮೆಯನ್ನು ಅವನು ಮಾರುವುದಿಲ್ಲ, ಅದರ ಮೇವಿನ ಖರ್ಚು ನನ್ನದು. ಕರು ಗಂಡಿರಲಿ ಹೆಣ್ಣಿರಲಿ, ಗಿಣ್ಣ ಪೂರ್ತಿ ಅದಕ್ಕೇ.

ಈ ಹಿಂಗಾರಿಗೆ ಅಣ್ಣ ಕಡಲೆಯ ಸುತ್ತ ಕುಸುಬಿ ಬಿತ್ತಿದ್ದಾನೆ, ಮುಳ್ಳಿಗೆ ದನ ಒಳಗೆ ಬರುವುದಿಲ್ಲವೆಂದು. ಗಾಣಕ್ಕೆ ಹಾಕುವ ಮೊದಲು ನಿನಗೆಷ್ಟು ಸೇರು ತೆಗೆದಿಡಲಿ ಎಂದು ಕೇಳಿದ್ದಾನೆ. ಹತ್ತು ಸೇರು ಎಂದಿದ್ದೇನೆ. ಶಾಲೆಯ ಅಡುಗೆಯವರು ಒಮ್ಮೆ ಮಕ್ಕಳಿಗೆ ಕುಸುಬಿ ಹುಗ್ಗಿ ಮಾಡಿ ನೋಡೋಣ ಅಂದಿದ್ದಾರೆ, ಹಿಂಡಲು ದೊಡ್ಡ ಬಟ್ಟೆ ನಾನು ತರಬೇಕಂತೆ.